ಕಲ್ಲಿನ ಮೇಲಿನ ಜರೀಗಿಡ, ಪಾಚಿಯ ಚಿತ್ರಗಳು: ದೋಷ ಎಲ್ಲಿದೆಯೆಂದು ಹುಡುಕುವ ಕೈಪಿಡಿ

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಒಂದು ಗಳಿಗೆ ಬಿಡುವು ಕೊಟ್ಟಾಗ ಉಡುಪಿಯ ಆಸುಪಾಸಿನ ಯಾವುದೇ ಹಳೆಯ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಪಾಗಾರದ (ಆವರಣ ಗೋಡೆಯ) ಮುಂದೆ ನಿಂತರೂ ಚಿತ್ರ ತೆಗೆಯುವ ಆಸೆ ಹುಟ್ಟುತ್ತದೆ. ಕಲ್ಲಿನ ಮೈಯನ್ನೆಲ್ಲ ಪಾಚಿ ಮುಚ್ಚಿರುತ್ತದೆ, ಸಂದಿಗಳಿಂದ ಜರೀಗಿಡಗಳು ಗರಿಗಳನ್ನು ಇಳಿಬಿಟ್ಟಿರುತ್ತವೆ, ಗರಿಯ ತುದಿಯಲ್ಲಿ ನೀರಿನ ಹನಿ ಬೀಳಲೋ ಬೇಡವೋ ಎಂಬಂತೆ ತೂಗುತ್ತಿರುತ್ತದೆ. ಮನೆಗೆ ಬಂದು ಅದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಹಸಿರಿನ ಒಂದು ಗೊಂದಲ. ಕಣ್ಣಿಗೆ ಅಷ್ಟು ಬಿಡಿಬಿಡಿಯಾಗಿ ಕಂಡಿದ್ದ ಗರಿ ಹಿಂದಿನ ಪಾಚಿಯಲ್ಲಿ ಕರಗಿಹೋಗಿರುತ್ತದೆ, ಹನಿಗಳು ಬಿಳಿ ಚುಕ್ಕೆಗಳಾಗಿರುತ್ತವೆ, ಕಲ್ಲಿನ ಕೆಂಪು ಮಾಸಿರುತ್ತದೆ. ಅಂಥ ಚಿತ್ರವನ್ನು ಅಳಿಸಿಹಾಕುವ ಮೊದಲು ಎದುರಿಗಿಟ್ಟುಕೊಂಡು, ಅದು ಯಾವ ಕಾರಣಕ್ಕೆ ಕೆಟ್ಟಿತೆಂದು ಹುಡುಕಲು ಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಬಗೆಯ ಚಿತ್ರಗಳಲ್ಲಿ ಆಕಾಶವಿಲ್ಲ, ದಿಗಂತವಿಲ್ಲ, ದೂರದ ಬೆಟ್ಟದ ಸಾಲಿಲ್ಲ. ಒಂದು ಗೇಣೋ ಒಂದು ಮೊಳವೋ ಅಗಲದ ಜಾಗವೇ ಇಡೀ ಚಿತ್ರ. ಅಮೆರಿಕದ ಎಲಿಯಟ್ ಪೋರ್ಟರ್ (1901–1990) ಬಣ್ಣದಲ್ಲಿ ಇಂಥ ಚಿತ್ರಗಳನ್ನು ತೆಗೆಯುವುದಕ್ಕೆ ತಮ್ಮ ಬದುಕನ್ನೇ ಕೊಟ್ಟವರು. 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆದ ಮೇಲೆ 'ಆಪ್ತ ಭೂದೃಶ್ಯ' ಎಂಬ ಅರ್ಥದ ಹೆಸರು ಛಾಯಾಗ್ರಾಹಕರ ಬಾಯಲ್ಲಿ ನೆಲೆಯೂರಿತು. ದಿಗಂತವಿಲ್ಲದ ಚಿತ್ರದಲ್ಲಿ ಕಣ್ಣಿಗೆ ತಾನಾಗಿ ಸಿಗುವ ಆಧಾರಗಳು ಕಡಿಮೆ. ಆದ್ದರಿಂದಲೇ ಇಲ್ಲಿ ಸಣ್ಣ ದೋಷವೂ ದೊಡ್ಡದಾಗಿ ಕಾಣುತ್ತದೆ, ಮತ್ತು ಸಂಯೋಜನೆಯ ದೋಷವನ್ನು ನಾವು ಕ್ಯಾಮೆರಾದ ದೋಷವೆಂದು ತಿಳಿದು ಹೊಸ ಲೆನ್ಸಿಗೆ ಹಣ ಸುರಿಯುತ್ತೇವೆ.

ಮೊದಲ ಪರೀಕ್ಷೆ

ಕೆಟ್ಟ ಚಿತ್ರವನ್ನು ತೆರೆದೊಡನೆ ಹಿಗ್ಗಿಸಿ ನೋಡಬೇಡಿ. ಮೊದಲು ಅದನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಪರದೆಯಿಂದ ಒಂದೆರಡು ಹೆಜ್ಜೆ ಹಿಂದೆ ಸರಿದು, ಕಣ್ಣುಗಳನ್ನು ಕಿರಿದು ಮಾಡಿ ನೋಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿ ನಿಂತಿತೇ ಎಂಬ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿ. ನೀವು ತೋರಿಸಬೇಕೆಂದಿದ್ದ ಗರಿಯ ಮೇಲೆಯೇ ಕಣ್ಣು ನಿಂತಿದ್ದರೆ ಚೌಕಟ್ಟು ಸರಿಯಿದೆ. ದೋಷವನ್ನು ಫೋಕಸ್, ಅಲುಗಾಟ ಅಥವಾ ಬೆಳಕಿನಲ್ಲಿ ಹುಡುಕಬೇಕು. ಕಣ್ಣು ಮೂಲೆಯ ಯಾವುದೋ ಬಿಳಿ ಹೊಳಪಿಗೆ ಹೋದರೆ, ಅಥವಾ ಎಲ್ಲಿಯೂ ನಿಲ್ಲದೆ ಸುತ್ತಾಡಿದರೆ, ದೋಷ ಸಂಯೋಜನೆಯಲ್ಲಿದೆ; ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಸರಿಯಾಗುವುದಿಲ್ಲ.

ಎರಡನೆಯ ಪರೀಕ್ಷೆ ಅದೇ ಚಿತ್ರದ ಒಂದು ಪ್ರತಿಯನ್ನು ಕಪ್ಪು-ಬಿಳುಪಿಗೆ ತಿರುಗಿಸುವುದು. ಪಾಚಿಯ ಹಸಿರು ಮತ್ತು ಜರೀಗಿಡದ ಹಸಿರು ಬಣ್ಣದಲ್ಲಿ ತುಸು ಬೇರೆಯಾದರೂ ಬೆಳಕಿನ ಪ್ರಮಾಣದಲ್ಲಿ ಒಂದೇ ಆಗಿರುವುದು ಬಹಳ ಸಲ. ಕಪ್ಪು-ಬಿಳುಪಿನಲ್ಲಿ ಗರಿ ಮಾಯವಾದರೆ ನಿಮ್ಮ ಚಿತ್ರದ ರೋಗ ಸಿಕ್ಕಿತೆಂದೇ ತಿಳಿಯಿರಿ. ಇವೆರಡೂ ಮುಗಿದ ಮೇಲೆ ಮಾತ್ರ ಚಿತ್ರವನ್ನು ಪೂರ್ತಿ ಹಿಗ್ಗಿಸಿ ಅಂಚುಗಳನ್ನು ನೋಡಿ. ಮತ್ತೆ ಅದೇ ಜಾಗಕ್ಕೆ ಹೋದಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ತೂತು), ಕೋನ, ಹೊತ್ತು ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಚಿತ್ರ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತೆಂಬುದು ತಿಳಿಯುವುದಿಲ್ಲ.

ಚಿತ್ರ ಮಸುಕಾಗಿದೆ

ಮಸುಕು ಒಂದೇ ರೋಗವಲ್ಲ. ಹಿಗ್ಗಿಸಿದ ಚಿತ್ರದಲ್ಲಿ ಕಲ್ಲನ್ನೂ ಗರಿಯನ್ನೂ ಒಟ್ಟಿಗೆ ನೋಡಿದರೆ ಕಾರಣ ಬೇಗ ಹೊರಬೀಳುತ್ತದೆ. ಕಲ್ಲು ಮತ್ತು ಪಾಚಿ ಸ್ಪಷ್ಟವಾಗಿದ್ದು ಗರಿಯ ತುದಿ ಮಾತ್ರ ಎರಡೆರಡಾಗಿ ಕಂಡರೆ ಅದು ಗಾಳಿ. ಕಲ್ಲು, ಪಾಚಿ, ಗರಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದ್ದು ಕ್ಯಾಮೆರಾ. ಎಲ್ಲಿಯೂ ಎಳೆದ ಗುರುತಿಲ್ಲದೆ ಗರಿ ಮಾತ್ರ ಮೆದುವಾಗಿದ್ದು, ಅದರ ಮುಂದಿನ ಅಥವಾ ಹಿಂದಿನ ಪಾಚಿಯ ಎಳೆಗಳು ಸೂಜಿಮೊನೆಯಂತೆ ಕಂಡರೆ ಫೋಕಸ್ ತಪ್ಪಿದೆ. ಚಿತ್ರವೆಲ್ಲ ಸಮನಾಗಿ ಮೆದುವಾಗಿದ್ದರೆ ಲೆನ್ಸಿನ ಗಾಜಿನ ಮೇಲೆ ತೇವ ಕೂತಿದೆ, ಇಲ್ಲವೇ ಅಪರ್ಚರನ್ನು ಅಗತ್ಯಕ್ಕಿಂತ ಹೆಚ್ಚು ಕಿರಿದಾಗಿಸಿದ್ದೀರಿ.

ಗಾಳಿಯ ವಿಚಾರದಲ್ಲಿ ನಮ್ಮ ಕರಾವಳಿಗೆ ಅದರದೇ ಒಂದು ದಿನಚರಿಯಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಆ ತಿಂಗಳುಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯನ್ನು ಬಿಟ್ಟು ಮನೆಯ ಮೂಡು ಬದಿಯನ್ನೋ ಬಾವಿಯ ಒಳಮೈಯನ್ನೋ ಆರಿಸಿಕೊಳ್ಳುವುದು ಮೇಲು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಮುಂಜಾನೆ ಹೊತ್ತು ನೆಲದ ಗಾಳಿ ಅಡಗಿ ಕಡಲ ಗಾಳಿ ಇನ್ನೂ ಏಳದ ಒಂದು ನಿಶ್ಚಲ ಅವಧಿ ಸಿಗುತ್ತದೆ. ಪಾಚಿ ಆಗ ಇನ್ನೂ ಹಸಿಯಾಗಿರುವುದರಿಂದ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕಾಲ ನನಗೆ ತಿಳಿದಿಲ್ಲ. ಗಾಳಿಯಿದ್ದೂ ತೆಗೆಯಲೇಬೇಕಾದರೆ ಷಟರ್ ವೇಗವನ್ನು 1/250 ಸೆಕೆಂಡಿಗೆ ಏರಿಸಿ, ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600ಕ್ಕೆ ಹೋದರೂ ಅಂಜಬೇಡಿ. ಪಾಚಿಯ ಮೈ ಸ್ವತಃ ಹರಳುಹರಳಾಗಿರುವುದರಿಂದ ಐಎಸ್‌ಒ ಏರಿಸಿದಾಗ ಚಿತ್ರದಲ್ಲಿ ಮೂಡುವ ಸಣ್ಣ ಚುಕ್ಕೆಗಳ ಕಾಳು ಅದರಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಏರುವಾಗ ರಸ್ತೆ ಬದಿಯ ಒದ್ದೆ ಬಂಡೆಗಳು ಎಷ್ಟೇ ಕರೆದರೂ ಅಲ್ಲಿ ಟ್ರೈಪಾಡ್ ಹೂಡುವುದು ಬೇಡ. ಪ್ರತಿ ಬಸ್ಸೂ ಗಾಳಿ ಎಬ್ಬಿಸಿ ಹೋಗುತ್ತದೆ ಎಂಬುದು ಸಣ್ಣ ಕಾರಣ. ಹದಿನಾಲ್ಕು ತಿರುವುಗಳ ಆ ರಸ್ತೆಯಲ್ಲಿ ಚಾಲಕನಿಗೆ ನೀವು ಕಾಣದಿರುವುದು ದೊಡ್ಡ ಕಾರಣ.

ಕ್ಯಾಮೆರಾ ಅಲುಗಿದ್ದರೆ ಮೊದಲು ಟ್ರೈಪಾಡಿನ ಕಾಲುಗಳನ್ನು ನೋಡಿ. ಮಳೆಗಾಲದ ಮಣ್ಣಿನಲ್ಲಿ ಅವು ಮೆಲ್ಲಗೆ ಹೂತುಕೊಳ್ಳುತ್ತಿರುತ್ತವೆ. ಎರಡು ಸೆಕೆಂಡಿನ ಟೈಮರಿನಲ್ಲಿಯೂ ಚೌಕಟ್ಟು ಕೂದಲೆಳೆಯಷ್ಟು ಇಳಿದಿರುತ್ತದೆ. ಅಡಿಗೆ ಒಂದೊಂದು ಚಪ್ಪಟೆ ಕಲ್ಲಿನ ಚೂರನ್ನು ಇಟ್ಟರೆ ಸಾಕು. ಹೆಬ್ರಿ ಬಳಿಯ ಕೂಡ್ಲುತೀರ್ಥದಂಥ ಕಡೆ ಹರಿಯುವ ನೀರಿಗೆ ಕಾಲುಗಳನ್ನು ಇಳಿಸಿದರೆ ನೀರಿನ ಸೆಳೆತವೇ ಅವುಗಳನ್ನು ನಡುಗಿಸುತ್ತದೆ.

ಫೋಕಸ್ ತಪ್ಪಿದ್ದರೆ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಫುಲ್ ಫ್ರೇಮ್ (36 ಮಿಲಿಮೀಟರ್ ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ ವಸ್ತುವನ್ನು ಅದರ ನಿಜ ಗಾತ್ರದಲ್ಲಿಯೇ ಸೆನ್ಸರಿನ ಮೇಲೆ ಮೂಡಿಸಿದಾಗ, ಎಫ್/8 ಅಪರ್ಚರಿನಲ್ಲಿ (ಎಫ್ ಪಕ್ಕದ ಸಂಖ್ಯೆ ದೊಡ್ಡದಾದಷ್ಟೂ ತೂತು ಕಿರಿದು) ಸ್ಪಷ್ಟವಾಗಿ ಬರುವ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ನಿಜ ಗಾತ್ರದ ಅರ್ಧಕ್ಕೆ ಹಿಂದೆ ಸರಿದು ಎಫ್/11 ಬಳಸಿದರೆ ಅದು ಸುಮಾರು 4 ಮಿಲಿಮೀಟರ್ ಆಗುತ್ತದೆ, ಕಾಲು ಭಾಗಕ್ಕೆ ಸರಿದರೆ ಸುಮಾರು 13 ಮಿಲಿಮೀಟರ್. ಕಾಲು ಭಾಗವೆಂದರೆ ಚೌಕಟ್ಟಿನೊಳಗೆ ಸುಮಾರು 14 ಸೆಂಟಿಮೀಟರ್ ಅಗಲದ ಜಾಗ ಹಿಡಿಯುತ್ತದೆ. ಒಂದು ಎಳೆಯ ಗರಿ ಮತ್ತು ಅದರ ಬುಡದ ಪಾಚಿಗೆ ಅಷ್ಟು ಸಾಕು. ಆಳ ಬೇಕೆಂದು ಎಫ್/22ಕ್ಕೆ ಇಳಿದವರಿಗೆ ಬೇರೊಂದು ಮಸುಕು ಕಾದಿರುತ್ತದೆ: ಕಿರಿದಾದ ತೂತಿನ ಅಂಚಿನಲ್ಲಿ ಬೆಳಕು ಬಾಗಿ ಚದುರುವುದರಿಂದ ಇಡೀ ಚಿತ್ರವೇ ಮೆದುವಾಗುತ್ತದೆ, ಮತ್ತು ಹತ್ತಿರ ಹೋದಷ್ಟೂ ಈ ತೊಂದರೆ ಹೆಚ್ಚುತ್ತದೆ. ಎಫ್/11ರಲ್ಲಿ ನಿಂತು, ಕ್ಯಾಮೆರಾದ ಹಿಂಬದಿ ಗರಿಯ ಹರವಿಗೆ ಸಮಾನಾಂತರವಾಗಿ ಬರುವಂತೆ ತಿರುಗಿಸುವುದು ಇದಕ್ಕಿರುವ ಸರಳ ಪರಿಹಾರ. ಜರೀಗಿಡದ ಗರಿ ಚಪ್ಪಟೆಯಾದದ್ದು. ಅದರ ಸಮತಲವನ್ನು ನೀವು ಹಿಡಿದರೆ ತುದಿಯಿಂದ ಬುಡದವರೆಗೆ ಒಂದೇ ಫೋಕಸ್ಸಿನಲ್ಲಿ ಬರುತ್ತದೆ.

ಎಲ್ಲವೂ ಹಸಿರು, ಕಣ್ಣಿಗೆ ನಿಲ್ಲಲು ಜಾಗವಿಲ್ಲ

ಅತಿ ಹೆಚ್ಚು ಚಿತ್ರಗಳು ಕೆಡುವುದು ಇಲ್ಲಿ. ಎರಡು ಕಣ್ಣುಗಳಿಂದ ನೋಡುವ ನಮಗೆ ಗರಿ ಮುಂದೆ, ಪಾಚಿ ಹಿಂದೆ ಎಂಬುದು ತಾನಾಗಿ ತಿಳಿಯುತ್ತದೆ. ನಡುವೆ ಎರಡು ಬೆರಳಿನಷ್ಟು ಗಾಳಿಯಿದ್ದರೂ ಮನಸ್ಸು ಅದನ್ನು ಅಳೆಯುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಆದ್ದರಿಂದ ಟ್ರೈಪಾಡ್ ಬಿಡಿಸುವ ಮೊದಲು ಒಂದು ಕಣ್ಣನ್ನು ಮುಚ್ಚಿಕೊಂಡು ಗೋಡೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮುಚ್ಚಿದೊಡನೆ ಗರಿ ಗೋಡೆಗೆ ಅಂಟಿಕೊಂಡಂತೆ ಕಂಡರೆ ಚಿತ್ರದಲ್ಲಿಯೂ ಹಾಗೆಯೇ ಬರುತ್ತದೆ. ಆಗ ಕಣ್ಣನ್ನು ಮುಚ್ಚಿಕೊಂಡೇ ತಲೆಯನ್ನು ಅತ್ತಿತ್ತ, ಮೇಲೆ ಕೆಳಗೆ ಮೆಲ್ಲಗೆ ಸರಿಸಿ, ಗರಿ ಬೇರೆಯಾಗಿ ಎದ್ದು ನಿಲ್ಲುವ ಜಾಗವನ್ನು ಹುಡುಕಿ, ಆ ಜಾಗಕ್ಕೆ ಲೆನ್ಸನ್ನು ತಂದಿಡಬೇಕು. ಎಷ್ಟೋ ಸಲ ಆ ಜಾಗ ನಾಲ್ಕು ಬೆರಳು ಪಕ್ಕದಲ್ಲಿಯೇ ಇರುತ್ತದೆ.

ಗರಿಯನ್ನು ಬೇರ್ಪಡಿಸುವುದು ಕಪ್ಪು. ನಮ್ಮ ಮುರಕಲ್ಲಿನಲ್ಲಿ ಅದು ಬೇಕಾದಷ್ಟಿದೆ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಈ ಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ, ಮೈತುಂಬ ತೂತು. ಆ ತೂತುಗಳಲ್ಲಿ ನೀರು ನಿಲ್ಲುವುದರಿಂದಲೇ ಪಾಚಿಗೆ ಅದು ತವರು. ಆದರೆ ಚಿತ್ರದ ದೃಷ್ಟಿಯಿಂದ ಈ ತೂತುಗಳು ಉಪಕಾರಿಯೂ ಹೌದು, ಉಪದ್ರವಿಯೂ ಹೌದು. ದೊಡ್ಡದೊಂದು ಕಪ್ಪು ಪೊಟರೆಯ ಮುಂದೆ ಗರಿ ಬಂದರೆ ಅದರ ಒಂದೊಂದು ಎಸಳೂ ಕತ್ತರಿಸಿಟ್ಟಂತೆ ಕಾಣುತ್ತದೆ. ಚೌಕಟ್ಟಿನ ತುಂಬ ಚಿಕ್ಕ ಚಿಕ್ಕ ಕಪ್ಪು ತೂತುಗಳು ಚದುರಿದ್ದರೆ ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಇಂಥ ಗೋಡೆಯಲ್ಲಿ ಹತ್ತಿರ ಹೋಗಿ, ಒಂದೇ ದೊಡ್ಡ ಪೊಟರೆಯನ್ನು ಉಳಿಸಿಕೊಂಡು ಉಳಿದವನ್ನು ಹೊರಗಿಡುವುದು ನಾನು ಕಂಡುಕೊಂಡ ದಾರಿ.

ಕಲ್ಲು ಒದ್ದೆಯಾಗಿದೆಯೇ ಎಂಬುದನ್ನೂ ನೋಡಿ. ತೂತುತೂತಾದ ಕಲ್ಲು ನೀರು ಕುಡಿದಾಗ ಅದರೊಳಗೆ ಹೊಕ್ಕ ಬೆಳಕು ಸುಲಭವಾಗಿ ಹೊರಬರುವುದಿಲ್ಲ, ಹಾಗಾಗಿ ಕಲ್ಲು ಗಾಢವಾಗುತ್ತದೆ. ಜರೀಗಿಡದ ಹಸಿರು ಮಾತ್ರ ಮಳೆಗೆ ಅಷ್ಟು ಬದಲಾಗುವುದಿಲ್ಲ. ಒಣಗಿದಾಗ ಒಂದಾಗಿ ಕಂಡ ಕಲ್ಲೂ ಗರಿಯೂ ಮಳೆ ನಿಂತ ಅರ್ಧ ಗಂಟೆಯೊಳಗೆ ಬೇರೆಬೇರೆಯಾಗಿ ನಿಲ್ಲುವುದು ಇದರಿಂದಲೇ.

ಇನ್ನು ಚೌಕಟ್ಟಿನ ಅಂಚು. ಗರಿಯ ತುದಿಯನ್ನು ಚೌಕಟ್ಟು ಒಂದು ಎಸಳಿನಷ್ಟು ಮಾತ್ರ ಕತ್ತರಿಸಿದ್ದರೆ ಅದು ಕೈತಪ್ಪಿನಂತೆ ಕಾಣುತ್ತದೆ. ಕತ್ತರಿಸುವುದಾದರೆ ಗರಿಯ ಮೂರನೆಯ ಒಂದು ಭಾಗವಾದರೂ ಹೊರಗೆ ಹೋಗಲಿ, ಇಲ್ಲವಾದರೆ ತುದಿಯ ಮುಂದೆ ಉಸಿರಾಡುವಷ್ಟು ಜಾಗ ಬಿಡಿ. ಕಲ್ಲುಹೂವಿನ ಬೂದುಬಿಳಿ ತೇಪೆ, ಬಿದ್ದ ಹಳದಿ ಎಲೆ, ಮೂಲೆಯಲ್ಲಿ ಇಣುಕುವ ಆಕಾಶದ ಚೂರು ಇವುಗಳಲ್ಲಿ ಯಾವುದು ಅಂಚಿನ ಬಳಿ ಇದ್ದರೂ ಕಣ್ಣು ಹೊರಗೆ ಜಾರಿಹೋಗಲು ಅದೇ ಬಾಗಿಲಾಗುತ್ತದೆ. ಷಟರ್ ಒತ್ತುವ ಮೊದಲು ಚೌಕಟ್ಟಿನ ನಾಲ್ಕು ಬದಿಗಳ ಮೇಲೆ ಒಮ್ಮೆ ಕಣ್ಣಾಡಿಸಿ ಬರುವುದಕ್ಕೆ ಐದು ಸೆಕೆಂಡು ಸಾಕು. ಬಿದ್ದ ಎಲೆಯನ್ನು ತೆಗೆದಿಡಬಹುದು. ಪಾಚಿಯನ್ನು ಕೆರೆಯುವುದು, ಅಡ್ಡ ಬಂದ ಗರಿಯನ್ನು ಚಿವುಟುವುದು ಖಂಡಿತ ಸಲ್ಲದು. ಪಾಚಿಗೆ ನಿಜವಾದ ಬೇರುಗಳಿಲ್ಲ. ಒಮ್ಮೆ ಕಿತ್ತುಬಂದರೆ ಆ ದಪ್ಪಕ್ಕೆ ಮತ್ತೆ ಬೆಳೆಯಲು ಎಷ್ಟೋ ಮಳೆಗಾಲಗಳು ಬೇಕು. ಅಡ್ಡ ಬಂದ ಗರಿಯನ್ನು ಒಂದು ದಾರದಿಂದ ಮೆಲ್ಲಗೆ ಬದಿಗೆ ಎಳೆದು ಕಟ್ಟಿ, ಕೆಲಸವಾದ ಮೇಲೆ ಬಿಚ್ಚಿದರೆ ಆಯಿತು. ನಾಗಬನದೊಳಗೆ ಇಷ್ಟನ್ನೂ ಮಾಡಬೇಡಿ. ಕೇಳಿಕೊಂಡು, ಹೊರಗೆ ನಿಂತು, ಉದ್ದ ಲೆನ್ಸಿನಲ್ಲಿ ಸಿಕ್ಕಷ್ಟನ್ನೇ ತೆಗೆಯಿರಿ.

ಎಸಳುಗಳು ಗಾಳಿಯಲ್ಲಿ ತೇಲುತ್ತಿವೆ

ಈ ದೋಷ ನನ್ನನ್ನು ಒಂದು ವಾರ ಕಾಡಿತು, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಮನೆಯ ಬಾವಿಯ ಒಳಗೋಡೆ ಮುರಕಲ್ಲಿನದು. ದಂಡೆಯಿಂದ ಎರಡು ಮೊಳ ಕೆಳಗೆ, ಎರಡು ಕಲ್ಲುಗಳ ಸಂದಿಯಲ್ಲಿ, ಅಡಿಯಾಂಟಮ್ ಜಾತಿಯ ಒಂದು ಜರೀಗಿಡ ಪ್ರತಿ ಮಳೆಗಾಲದಲ್ಲಿ ಚಿಗುರುತ್ತದೆ. ಬೀಸಣಿಗೆಯಂಥ ತೆಳ್ಳನೆಯ ಎಸಳುಗಳು, ಕುದುರೆಯ ಬಾಲದ ಕೂದಲಿನಂತೆ ಕಪ್ಪಗೆ ಮಿರುಗುವ ದಂಟು. ಒಂದು ಮುಂಜಾನೆ ದಂಡೆಯ ಮೇಲೆ ಬಾಗಿ ತೆಗೆದ ಚಿತ್ರದಲ್ಲಿ ಫೋಕಸ್ ಸರಿಯಿತ್ತು, ಬೆಳಕು ಸರಿಯಿತ್ತು, ಹಿಂದೆ ಒಳ್ಳೆಯ ಕಪ್ಪು ಪೊಟರೆಯೂ ಇತ್ತು. ಆದರೂ ಚಿತ್ರ ಅಸಂಗತವಾಗಿತ್ತು. ಎಸಳುಗಳು ಯಾರೋ ಎರಚಿದ ಹಸಿರು ಕಾಗದದ ಚೂರುಗಳಂತೆ ತೇಲುತ್ತಿದ್ದವು.

ಮರುದಿನ ಅಪರ್ಚರ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಅದರ ಮರುದಿನ ಬೆಳಕು ಹೆಚ್ಚಾದ ಹೊತ್ತಿಗೆ ಹೋದೆ, ಆಗಲೂ ಇಲ್ಲ. ಕೊನೆಗೆ ಕಪ್ಪು-ಬಿಳುಪಿನ ಪ್ರತಿಯನ್ನು ನೋಡುತ್ತಿದ್ದಾಗ ಕಾರಣ ಹೊಳೆಯಿತು. ಗರಿಯನ್ನು ಗೋಡೆಯಿಂದ ಬೇರ್ಪಡಿಸಲು ನಾನು ಹುಡುಕಿದ್ದ ಅದೇ ಕಪ್ಪು, ಕಪ್ಪು ದಂಟನ್ನು ನುಂಗಿಬಿಟ್ಟಿತ್ತು. ದಂಟಿಲ್ಲದ ಎಸಳುಗಳಿಗೆ ಒಂದಕ್ಕೊಂದು ಸಂಬಂಧವೇ ಕಾಣುತ್ತಿರಲಿಲ್ಲ. ಕ್ಯಾಮೆರಾವನ್ನು ಒಂದು ಗೇಣು ಎಡಕ್ಕೆ ಸರಿಸಿ, ಎಸಳುಗಳ ಹಿಂದೆ ಪೊಟರೆ ಉಳಿದು, ದಂಟಿನ ಕೆಳಭಾಗ ಮಾತ್ರ ಪಾಚಿಯ ತಿಳಿಹಸಿರಿನ ಮೇಲೆ ಹಾಯುವಂತೆ ಮಾಡಿದೆ. ಪಾಚಿಯ ಮೇಲೆ ಮೂರು ಬೆರಳಿನಷ್ಟು ಉದ್ದದ ಒಂದು ಕಪ್ಪು ಗೆರೆ ಕಂಡಿತು. ಅಷ್ಟರಿಂದ ಗಿಡ ಗಿಡವಾಯಿತು. ಕಪ್ಪಿನಲ್ಲಿ ಮರೆಯಾದ ಉಳಿದ ದಂಟನ್ನು ನೋಡುವವರ ಕಣ್ಣೇ ಮುಂದುವರಿಸಿಕೊಳ್ಳುತ್ತದೆ.

ಆ ದಿನಗಳಲ್ಲಿ ನೀರು ಸೇದಲು ಬರುತ್ತಿದ್ದ ನೆರೆಮನೆಯ ಅಜ್ಜಿ, "ಮಗಾ, ದಂಡೆಯ ಹತ್ತಿರ ಜಾರ್ತದೆ, ಚಪ್ಪಲು ಕಳಚಿ ನಿಲ್ಲು" ಎಂದು ಎರಡೆರಡು ಸಲ ಎಚ್ಚರಿಸುತ್ತಿದ್ದರು. ಕಲ್ಲಿಗೆ ಬಣ್ಣ ಬಳಿದಂತೆ ತೆಳ್ಳಗೆ ಕೂತ ಲೋಳೆಪಾಚಿಯ ಮೇಲೆ ರಬ್ಬರಿನ ಅಡಿ ನಿಲ್ಲುವುದಿಲ್ಲ, ಬರಿಗಾಲಿನ ಬೆರಳುಗಳು ನಿಲ್ಲುತ್ತವೆ. ಬಾವಿಯ ಬಳಿ ಕೆಲಸ ಮಾಡುವವರು ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡಿರಬೇಕು, ಒಬ್ಬರನ್ನಾದರೂ ಜೊತೆಗೆ ಇಟ್ಟುಕೊಂಡಿರಬೇಕು.

ಬಿಳಿ ಹೊಳಪು, ಬಿಳಿ ಚುಕ್ಕೆ

ಮಳೆಯಲ್ಲಿ ನೆಂದ ಕರಿಕಲ್ಲಿನ ಪಾದೆಯ (ಹಾಸುಬಂಡೆಯ) ಮೇಲೆ ತೆಗೆದ ಚಿತ್ರಗಳಲ್ಲಿ ಈ ದೋಷ ಹೆಚ್ಚು. ಮುರಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಕಾರ್ಕಳದ ಕಡೆಯ ಗಟ್ಟಿ ಬಂಡೆಗಳ ಮೇಲೆ ನೀರು ತೆಳುಪರದೆಯಂತೆ ನಿಂತು ಮೋಡದ ಬೆಳಕನ್ನು ಹಾಗೆಯೇ ಹಿಂದಕ್ಕೆಸೆಯುತ್ತದೆ. ಎಲೆಗಳ ಮೇಲ್ಮೈಯಲ್ಲಿಯೂ ಹೀಗೆಯೇ. ಹೊಳಪಿನ ಅಡಿಯಲ್ಲಿ ಹಸಿರು ಇದ್ದರೂ ಚಿತ್ರಕ್ಕೆ ಬರುವುದು ಬೂದು.

ಇದಕ್ಕೆ ಮದ್ದು ಪೋಲರೈಸರ್, ಅಂದರೆ ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಹೊಳಪನ್ನು ತಡೆಯುವ ಫಿಲ್ಟರ್ ಎಂಬುದು ಹಲವರಿಗೆ ತಿಳಿದಿದೆ. ಆದರೆ "ತಿರುಗಿಸಿದರೂ ಏನೂ ಆಗುವುದಿಲ್ಲ" ಎಂಬ ದೂರನ್ನು ಬಹಳ ಸಲ ಕೇಳಿದ್ದೇನೆ. ಫಿಲ್ಟರ್ ಕೆಟ್ಟಿರುವುದಿಲ್ಲ, ನಿಂತ ಕೋನ ತಪ್ಪಾಗಿರುತ್ತದೆ. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ಪೋಲರೈಸರ್ ಪೂರ್ತಿಯಾಗಿ ತಡೆಯುವುದು ಆ ಮೇಲ್ಮೈಯನ್ನು ಸುಮಾರು 37 ಡಿಗ್ರಿ ಓರೆಯಿಂದ ನೋಡಿದಾಗ. ಬಂಡೆಗೆ ನೇರ ಎದುರಾಗಿ ನಿಂತರೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಫೋಕಸ್ಸಿಗಾಗಿ ಸಮಾನಾಂತರವಾಗಿ ನಿಲ್ಲಿ ಎಂದು ಮೇಲೆ ಹೇಳಿದ್ದಕ್ಕೂ ಇದಕ್ಕೂ ಎದುರುಬದುರು ಇರುವುದು ನಿಜ. ಗರಿ ಬಂಡೆಯಿಂದ ಹೊರಚಾಚಿ ಬಾಗಿದ್ದರೆ ಗರಿಗೆ ಸಮಾನಾಂತರ, ಬಂಡೆಗೆ ಓರೆ ಎಂಬ ಎರಡೂ ಒಟ್ಟಿಗೆ ಸಿಗುತ್ತವೆ. ಅಂಥ ಗಿಡವನ್ನು ಹುಡುಕಿಕೊಳ್ಳುವುದೇ ಜಾಣತನ. ಗರಿ ಬಂಡೆಗೆ ಅಂಟಿಕೊಂಡೇ ಇದ್ದರೆ ನಾನು ಓರೆಯನ್ನು ಆರಿಸಿಕೊಂಡು ಫೋಕಸ್ ಬದಲಿಸುತ್ತ ನಾಲ್ಕೈದು ಚಿತ್ರ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಒಂದುಗೂಡಿಸುತ್ತೇನೆ. ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ತಿನ್ನುತ್ತದೆ (ಒಂದು ಸ್ಟಾಪ್ ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ), ಆದ್ದರಿಂದ 1/60 ಸೆಕೆಂಡಿದ್ದದ್ದು 1/15ಕ್ಕೆ ಇಳಿದು ಗಾಳಿಯ ಮಸುಕು ಮರಳಿ ಬರುವ ಅಪಾಯವಿದೆ. ಹೊಳಪನ್ನು ಪೂರ್ತಿ ತೆಗೆಯಲೂಬಾರದು. ಎಲೆಯ ಉಬ್ಬುತಗ್ಗುಗಳನ್ನು ತೋರಿಸುವುದು ಆ ಹೊಳಪೇ. ಅದೆಲ್ಲ ಹೋದರೆ ಒದ್ದೆ ಬಂಡೆ ಒಣ ಬಂಡೆಯಂತೆ ಸಪ್ಪೆಯಾಗುತ್ತದೆ. ಫಿಲ್ಟರನ್ನು ಕೊನೆಯವರೆಗೆ ತಿರುಗಿಸಿ, ಆಮೇಲೆ ತುಸು ಹಿಂದಕ್ಕೆ ತನ್ನಿ.

ಹನಿಗಳ ವಿಚಾರ ಬೇರೆ. ಅಡಿಯಾಂಟಮ್ ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ ಒದ್ದೆಯಾಗದ್ದು ಎಂದೇ ಅರ್ಥ. ಪಾಚಿ ಮಳೆಯನ್ನು ಕುಡಿದುಬಿಡುತ್ತದೆ, ಈ ಗಿಡದ ಎಸಳು ಅದನ್ನು ಉರುಳಿಸಿಬಿಡುತ್ತದೆ. ಉರುಳಿದ ನೀರು ಎಸಳಿನ ಅಂಚಿನಲ್ಲಿ ಮಣಿಯಾಗಿ ನಿಲ್ಲುವುದರಿಂದ ಪ್ರತಿ ಎಸಳಿಗೂ ಒಂದು ಬಿಳಿ ಚುಕ್ಕೆ ಬಂದು ಚಿತ್ರ ಸಿಡುಬು ಎದ್ದಂತಾಗುತ್ತದೆ. ಪೋಲರೈಸರಿನಿಂದ ಇದು ಹೋಗದು. ದಂಟನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ತಟ್ಟಿದರೆ ಹೆಚ್ಚಿನ ಹನಿಗಳು ಬೀಳುತ್ತವೆ, ಒಂದೆರಡು ಉಳಿಯುತ್ತವೆ. ಉಳಿದ ಹನಿ ನೀವು ಕಣ್ಣನ್ನು ನಿಲ್ಲಿಸಬಯಸುವ ಎಸಳಿನ ಮೇಲಿದ್ದರೆ ಅದಕ್ಕಿಂತ ಒಳ್ಳೆಯ ಆಧಾರ ಬೇರೆ ಬೇಡ.

ಬಣ್ಣ ಸುಳ್ಳಾಗಿದೆ

ಹಸಿರು ಉರಿಯುವಂತೆ ಬಂದಿದ್ದರೆ ಕಾರಣ ಹೆಚ್ಚಾಗಿ ಬೆಳಕಿನ ಅಳತೆಯಲ್ಲಿದೆ. ಕ್ಯಾಮೆರಾದ ಮೀಟರ್ ತಾನು ಕಂಡದ್ದೆಲ್ಲವನ್ನೂ ನಡುಬೂದಿನ ಮಟ್ಟಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಒದ್ದೆ ಕಪ್ಪು ಕಲ್ಲಾಗಿದ್ದರೆ ಬೆಳಕನ್ನು ಅತಿಯಾಗಿ ಬಿಟ್ಟು ಎಲೆಗಳನ್ನು ಸುಡುತ್ತದೆ. ಒಂದು ಸ್ಟಾಪಿನ ಮೂರರಲ್ಲಿ ಎರಡು ಪಾಲಿನಿಂದ ಒಂದು ಪೂರ್ತಿ ಸ್ಟಾಪಿನಷ್ಟು ಕಡಿಮೆ ಮಾಡಿ. ಹಿಸ್ಟೊಗ್ರಾಮನ್ನು (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಿಡಿ ಬಣ್ಣಗಳಲ್ಲಿ ನೋಡಿ, ಏಕೆಂದರೆ ಒಟ್ಟು ಗೆರೆ ಸರಿಯಿದ್ದರೂ ಹಸಿರಿನ ಗೆರೆ ಬಲಗೋಡೆಗೆ ಬಡಿದಿರಬಹುದು.

ಕಲ್ಲಿನ ಕೆಂಪು ಮಾಸಿ ಇಡೀ ಚಿತ್ರ ನೀಲಿಗೋ ಹಸಿರಿಗೋ ತಿರುಗಿದ್ದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣವನ್ನು ತಾನಾಗಿ ಸರಿಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಮೋಸಹೋಗಿದೆ. ಚೌಕಟ್ಟಿನಲ್ಲಿ ಬೂದು ಬಣ್ಣದ ವಸ್ತುವೇ ಇಲ್ಲದಿದ್ದಾಗ ಅದು ಹಸಿರನ್ನೋ ಕೆಂಪನ್ನೋ ತಗ್ಗಿಸಲು ಹೊರಡುತ್ತದೆ. ಮೋಡದ ದಿನಕ್ಕೆ ಕ್ಲೌಡಿ, ಮರದ ನೆರಳಿಗೆ ಶೇಡ್ ಎಂದು ನಿಗದಿ ಮಾಡಿಕೊಳ್ಳಿ. ಅಡಿಕೆ ತೋಟದೊಳಗೆ ಎಲೆಗಳ ಮೂಲಕ ಇಳಿದ ಬೆಳಕೇ ಹಸಿರಾಗಿರುತ್ತದೆ. ಅಲ್ಲಿ ಒಂದು ಬೂದು ಕಾರ್ಡನ್ನು ಗೋಡೆಗೆ ಒರಗಿಸಿ ಮೊದಲ ಚಿತ್ರ ತೆಗೆದುಕೊಂಡರೆ ಮನೆಯಲ್ಲಿ ತಿದ್ದುವ ಕೆಲಸ ಹಗುರಾಗುತ್ತದೆ.

ಮೊಬೈಲಿನಲ್ಲಿ ಪಾಚಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ

ಮೊಬೈಲನ್ನು ಕೀಳಾಗಿ ಕಾಣಬೇಕಿಲ್ಲ. ಬಾವಿಯ ಸಂದಿಗೂ ತೋಡಿನ ಕಲ್ಲಿನ ಅಡಿಗೂ ಅದು ನುಗ್ಗುತ್ತದೆ, ದೊಡ್ಡ ಕ್ಯಾಮೆರಾ ನುಗ್ಗುವುದಿಲ್ಲ. ದೋಷ ಬರುವುದು ಎರಡು ಕಡೆಯಿಂದ. ಮಂದ ಬೆಳಕಿನಲ್ಲಿ ಕಾಳು ಅಳಿಸಲು ಹೊರಟ ಸಾಫ್ಟ್‌ವೇರ್ ಪಾಚಿಯ ಸಣ್ಣ ಎಳೆಗಳನ್ನೂ ಕಾಳೆಂದೇ ತಿಳಿದು ಒರೆಸಿಹಾಕುತ್ತದೆ, ಆಮೇಲೆ ಅಂಚುಗಳನ್ನು ಹರಿತಗೊಳಿಸುತ್ತದೆ. ಮೊಬೈಲನ್ನು ಕಲ್ಲಿಗೆ ಒತ್ತಿಹಿಡಿದು ಅಲುಗದಂತೆ ಮಾಡಿ, ಪ್ರೊ ಮೋಡ್ ಇದ್ದರೆ ಐಎಸ್‌ಒವನ್ನು ತಗ್ಗಿಸಿ, ರಾ ಕಡತವಾಗಿ (ಸಾಫ್ಟ್‌ವೇರ್ ತಿದ್ದದ ಮೂಲ ರೂಪದಲ್ಲಿ) ಉಳಿಸಿದರೆ ಎಳೆಗಳು ಉಳಿಯುತ್ತವೆ. ಇನ್ನೊಂದು, ತೀರ ಹತ್ತಿರ ಹೋದೊಡನೆ ಹಲವು ಮೊಬೈಲುಗಳು ತಾವಾಗಿಯೇ ಅಗಲ ಕೋನದ ಲೆನ್ಸಿಗೆ ಜಿಗಿಯುತ್ತವೆ. ಆಗ ಹಿನ್ನೆಲೆಯಲ್ಲಿ ಬೇಡದ್ದೆಲ್ಲ ಒಳಗೆ ಬರುತ್ತದೆ, ನಿಮ್ಮ ಕೈಯ ನೆರಳೂ ಬೀಳುತ್ತದೆ. ಒಂದು ಗೇಣು ಹಿಂದೆ ಸರಿದು ಎರಡು ಅಥವಾ ಮೂರು ಪಟ್ಟಿನ ಲೆನ್ಸಿನಲ್ಲಿ ತೆಗೆಯುವುದು ಹೆಚ್ಚು ನೆಮ್ಮದಿಯ ಕೆಲಸ.

ಇಡೀ ಚಿತ್ರದ ಮೇಲೆ ಮಂಜು

ಎಸಿ ಹಾಕಿದ ಕಾರಿನಿಂದ ಇಳಿದು ಚೀಲ ತೆರೆದೊಡನೆ ಗಾಜು ಬೆವರುತ್ತದೆ. ಒರೆಸಿದರೆ ಮತ್ತೆ ಬೆವರುತ್ತದೆ. ಚೀಲವನ್ನು ಮುಚ್ಚಿಯೇ ಅರ್ಧ ಗಂಟೆ ಹೊರಗಿಟ್ಟು, ಗಾಜು ಹೊರಗಿನ ಬಿಸಿಗೆ ಬಂದ ಮೇಲೆ ತೆರೆಯಿರಿ. ಒರೆಸಿದರೂ ಹೋಗದ ಮಂಜಾಗಿದ್ದರೆ ಲೆನ್ಸಿನ ಮೂಲಕ ಟಾರ್ಚ್ ಹಾಯಿಸಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ, ಅದನ್ನು ರಿಪೇರಿಯವರಿಗೇ ಒಪ್ಪಿಸಬೇಕು. ನಮ್ಮ ಊರಿನ ಮಳೆಗಾಲದಲ್ಲಿ ಲೆನ್ಸುಗಳನ್ನು ಬಟ್ಟೆಯ ಕಪಾಟಿನಲ್ಲಿ ಇಡಲೇಬಾರದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಒಳಗಿನ ತೇವಾಂಶ ಶೇ. 40ರಿಂದ 50ರೊಳಗೆ ನಿಲ್ಲುವಂತೆ ನೋಡಿಕೊಳ್ಳಿ.

ಗಿಡವೇ ಇಲ್ಲದಾಗ

ಜನವರಿಯ ಹೊತ್ತಿಗೆ ಅದೇ ಪಾಗಾರದ ಮುಂದೆ ನಿಂತು ಚಿತ್ರ ಸಪ್ಪೆ ಎನ್ನುವವರಿದ್ದಾರೆ. ಆಗ ಪಾಚಿ ಸುರುಟಿ ಕಂದಾಗಿರುತ್ತದೆ. ಒಂದು ಚೊಂಬು ನೀರನ್ನು ಮೆಲ್ಲಗೆ ಸಿಂಪಡಿಸಿ ಕೆಲವು ನಿಮಿಷ ಕಾದರೆ ಅದರ ಎಲೆಗಳು ಮತ್ತೆ ಬಿಚ್ಚಿ ಹಸಿರಾಗುವುದನ್ನು ಕಣ್ಣಾರೆ ನೋಡಬಹುದು, ಏಕೆಂದರೆ ಹೆಚ್ಚಿನ ಪಾಚಿಗಳ ಎಲೆ ಒಂದೇ ಕೋಶದಷ್ಟು ದಪ್ಪ. ನೀರು ತಗಲಿದ ಕಡೆಯಿಂದಲೇ ಒಳಗೆ ಹೋಗುತ್ತದೆ. ಜರೀಗಿಡ ಹಾಗೆ ಬರುವುದಿಲ್ಲ. ಗರಿಗಳು ಒಣಗಿ ಉದುರಿದ್ದರೂ ಅದರ ಬುಡ ಸಂದಿಯೊಳಗೆ ಜೀವಂತವಾಗಿರುತ್ತದೆ. ಪಾಗಾರ ಕೆರೆದು ಸುಣ್ಣ ಬಳಿಯುವವರಿಗೆ ಆ ಒಂದು ಸಂದಿಯನ್ನು ಬಿಡಲು ಹೇಳಿ, ಜಾಗವನ್ನು ಗುರುತು ಮಾಡಿಟ್ಟುಕೊಂಡು, ಜೂನ್ ಎರಡನೆಯ ವಾರದಿಂದ ದಿನವೂ ಬೆಳಿಗ್ಗೆ ಹೋಗಿ ನೋಡಿ. ಮೊದಲು ಹೊರಬರುವುದು ಗುಂಡುಸೂಜಿಯ ತಲೆಯಷ್ಟು ದೊಡ್ಡ, ರೋಮ ಹೊದ್ದ ಒಂದು ಸುರುಳಿ. ಅದು ಬಿಚ್ಚಿಕೊಳ್ಳುವ ದಿನಗಳಲ್ಲಿ ಮ್ಯಾಕ್ರೋ ಲೆನ್ಸನ್ನು ಕೈಗೆಟಕುವಲ್ಲಿಯೇ ಇಟ್ಟುಕೊಂಡಿರಿ.